ನಾಲ್ಕನೇ ನಿಯಮಕ್ಕೆ ಅಂಟಿಸಿದ ಚೀಟಿ

ಹೋದ ತಿಂಗಳು ಹೊಸಪೇಟೆಯ ನಮ್ಮ ಕಾಲೇಜಿನ ಕಾಂಪೌಂಡಿಗೆ ಯಾರೋ ಪೋಸ್ಟರ್ ಅಂಟಿಸುತ್ತಿದ್ದರು. ಬಕೆಟ್ಟಿನಲ್ಲಿ ಬೇಯಿಸಿದ ಮೈದಾ ಅಂಟು. ಹುಳಿ ಗಂಜಿಯಂಥ ವಾಸನೆ, ಅದರೊಳಗೆ ಸಣ್ಣಗೆ ಮೈಲುತುತ್ತದ ಘಾಟು. ನಾನು ಗೇಟಿನಲ್ಲೇ ನಿಂತುಬಿಟ್ಟೆ. ಹದಿನೈದು ವರ್ಷದಿಂದ ಆ ವಾಸನೆ ನನ್ನ ಮೂಗಿಗೆ ಬಡಿದಿರಲಿಲ್ಲ. ಬಡಿಯದಿದ್ದರೆ ಒಳ್ಳೆಯದಿತ್ತೇನೋ...

ಅಂಥದೇ ಅಂಟನ್ನು ಕಚೇರಿಯ ಫೈಲುಗಳಿಗೆಂದು ಮನೆಯಲ್ಲೇ ಕಾಯಿಸಿ, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಕೊಂಡು ದಿನಾ ಕಂಪ್ಲಿ ಬಸ್ಸಿನಲ್ಲಿ ತರುತ್ತಿದ್ದವರು ಆಗ ನಾನು ಪಾಠ ಮಾಡುತ್ತಿದ್ದ ಅಧ್ಯಯನ ಕೇಂದ್ರದ ಗುಮಾಸ್ತರು. ನಾವೆಲ್ಲ ಅವರನ್ನು ರೂಲ್ಸ್ ಸಾರ್ ಎನ್ನುತ್ತಿದ್ದೆವು.

ನಾನಾಗ ಎಂ.ಎ. ಮುಗಿಸಿ ಸಂಡೂರಿನಿಂದ ಓಡಾಡುತ್ತಿದ್ದ ತಾತ್ಕಾಲಿಕ ಉಪನ್ಯಾಸಕಿ. ರೈಲ್ವೆ ಸ್ಟೇಷನ್ನಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲೆ ನಮ್ಮ ಕೇಂದ್ರ. ಆ ವರ್ಷ ಅಲ್ಲಿ ಹೊಸ ಡಿಪ್ಲೊಮಾ ತೆರೆದರು, ಬರೋಕ್ ವಾಸ್ತುಶಿಲ್ಪದ್ದು, ಅಂದರೆ ಹದಿನೇಳನೇ ಶತಮಾನದ ಯುರೋಪಿನ ಅಲಂಕಾರ ತುಂಬಿದ ಕಟ್ಟಡಗಳದ್ದು. ಹಂಪಿ ಪಕ್ಕದಲ್ಲಿರುವಾಗ ಯುರೋಪಿನ ಚರ್ಚುಗಳ ಪಾಠ ಯಾಕೆ ಎಂದು ಊರವರು ನಕ್ಕರು. ಆದರೆ ಗೋವಾ ನೋಡಿದ ವಿದೇಶಿಯರು ಅಲ್ಲಿಂದ ನೇರ ಹಂಪಿಗೆ ಬರುತ್ತಾರೆ. ಗೋವಾದ ಚರ್ಚುಗಳು ಬರೋಕ್ ಶೈಲಿಯವು. ಎರಡನ್ನೂ ಬಲ್ಲ ಗೈಡಿಗೆ ಬೇಡಿಕೆ ಇರುತ್ತದೆ. ಹಾಗಾಗಿ ಹದಿನೈದು ಸೀಟಿಗೆ ದುಪ್ಪಟ್ಟು ಅರ್ಜಿ ಬಂದವು.

ಆ ಕೋರ್ಸಿನ ನಿಯಮಾವಳಿ ಪುಸ್ತಕ ರೂಲ್ಸ್ ಸಾರ್ ಬೀರುವಿನಲ್ಲಿರುತ್ತಿತ್ತು. ಬೀಗದ ಕೈ ಅವರ ಉಡಿದಾರದಲ್ಲಿ. ಅರ್ಹತೆ, ಹಾಜರಾತಿ, ಅಳತೆ ನಕ್ಷೆ, ಮೌಖಿಕ ಪರೀಕ್ಷೆ, ಏನೇ ಕೇಳಿದರೂ ಪುಸ್ತಕವನ್ನು ನಮ್ಮ ಕೈಗೆ ಕೊಡದೆ ತಾವೇ ಓದಿ ಹೇಳುತ್ತಿದ್ದರು. ಜೆರಾಕ್ಸ್ ಮಾಡಿಸುತ್ತೇನೆಂದರೆ ಕನ್ನಡಕದ ಮೇಲಿನಿಂದ ನೋಡಿ, "ಯಾತಕ?" ಎನ್ನುತ್ತಿದ್ದರು. ಹೊರಗೆ ಹೋದ ಕಾಗದ ತಿರುಗಿ ಬರುವಾಗ ಅದೇ ಕಾಗದ ಆಗಿರುವುದಿಲ್ಲ ಎಂಬುದು ಅವರ ನಂಬಿಕೆ. ಟೀ ಕುಡಿಯಲು ಇಳಿಯುವಾಗಲೂ ಬೀರು ಎಳೆದು ನೋಡಿಯೇ ಇಳಿಯುವರು. ಇಷ್ಟು ಮುಚ್ಚಿಡುವವರ ಬಳಿ ಏನೋ ಇರಲೇಬೇಕು ಎಂದು ನನಗೆ ಅನಿಸತೊಡಗಿದ್ದು ಆಗಲೇ.

ಅರ್ಜಿ ಹಾಕಿದವರಲ್ಲಿ ಕಂಪ್ಲಿಯ ಒಬ್ಬ ಹೆಂಗಸಿದ್ದಳು. ವಯಸ್ಸು ಮೂವತ್ತೈದರ ಆಸುಪಾಸು. ಗಂಡ ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸಗಾರ. ಇವಳದು ಗಾರೆ ಕೆಲಸ; ಅಪ್ಪನಿಂದ ಕಲಿತದ್ದು. ಗುಡಿ ಗೋಪುರಗಳ ಮುರಿದ ಗಾರೆ ಗೊಂಬೆಗಳಿಗೆ ಕೈ, ಮೂಗು, ಕಿರೀಟ ಕೂರಿಸುವಳು. ಓದಿದ್ದು ಪಿ.ಯು.ಸಿ. ಮಾತ್ರ. ಕೋರ್ಸಿಗೆ ಪದವಿ ಕಡ್ಡಾಯ ಎಂದು ನಾವೆಲ್ಲ ತಿಳಿದಿದ್ದೆವು. ಆದರೂ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿತ್ತು. ಸೀಟು ಖಾಲಿಯಾದರೆ ಸೇರಬೇಕಾದವರ ಕಾಯ್ದಿಟ್ಟ ಪಟ್ಟಿಯ ಮೊದಲ ಹೆಸರು ಕಮಲಾಪುರದ ಲಾಡ್ಜ್ ಮಾಲೀಕರೊಬ್ಬರ ಅಳಿಯನದು. ಆ ಮಾಲೀಕರು ನಮ್ಮ ಕೋರ್ಸಿನ ಸಂಯೋಜಕರಿಗೆ ಬಹಳ ಬೇಕಾದವರು.

ಪಾಠ ಶುರುವಾದವು. ಅವಳು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು, ಉಗುರ ಸಂದಿಯಲ್ಲಿ ಸುಣ್ಣ. ಒಮ್ಮೆ ಪರದೆಯ ಮೇಲೆ ಚರ್ಚೊಂದರ ಒಳಛಾವಣಿ ತೋರಿಸುತ್ತಿದ್ದೆ. ಮೋಡದ ನಡುವೆ ಮಕ್ಕಳು, ಬಳ್ಳಿ, ಬಂಗಾರದ ಬಣ್ಣ. ಅವಳು ಎದ್ದು ನಿಂತು, "ಮೇಡಂ, ಇದೂ ಸುಣ್ಣ ಮರಳೇ ಅಲ್ಲೇನ್ರಿ? ನಾವು ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕ್ತೀವಿ. ಅವರೇನು ಹಾಕ್ಯಾರ?" ಎಂದಳು. ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದೆ. ಹೇಳಲಿಲ್ಲ... ಅವಳ ಮೇಲೆ ನನಗಿದ್ದ ಮುನಿಸಿಗೆ ಅದೂ ಒಂದು ಕಾರಣವಿದ್ದೀತು.

ಅವಳು ಮತ್ತು ರೂಲ್ಸ್ ಸಾರ್ ಒಂದೇ ಊರು, ಒಂದೇ ಬಸ್ಸು. ಸ್ಟಾಫ್ ರೂಮಿನಲ್ಲಿ ಅವರಿಬ್ಬರ ಬಗ್ಗೆ ಮಾತು ಹುಟ್ಟಿತು. ಯಾರು ಮೊದಲು ಆಡಿದರೋ ತಿಳಿಯದು. ನಾನೂ ನಗುತ್ತಾ ಒಂದೆರಡು ಸಲ ಆಡಿದೆ ಎಂಬುದು ಮಾತ್ರ ನೆನಪಿದೆ.

ಒಂದು ಮಧ್ಯಾಹ್ನ ರೂಲ್ಸ್ ಸಾರ್ ಎಂದಿಲ್ಲದಂತೆ ಬೀರು ತೆರೆದಿಟ್ಟು ಫೋನಿಗೆ ಹೋದಾಗ ನಾನು ಪುಸ್ತಕ ತೆಗೆದು ನೋಡಿಯೇಬಿಟ್ಟೆ. ನಾಲ್ಕನೇ ನಿಯಮ, ಪ್ರವೇಶದ ಅರ್ಹತೆ. ಅದರ ಕೆಳಗೆ ಬೇರೆ ಕಾಗದದ ಒಂದು ಚೀಟಿ ಅಂಟಿಸಿತ್ತು: ಕಟ್ಟಡ ಕಲೆಯಲ್ಲಿ ಹತ್ತು ವರ್ಷ ದುಡಿದವರಿಗೆ ಪದವಿಯಿಂದ ವಿನಾಯಿತಿ. ಪುಸ್ತಕದ್ದು ಹಳದಿ ಛಾಯೆಯ ಅಗ್ಗದ ಕಾಗದ, ಚೀಟಿ ಹೊಸದಾಗಿ ಬೆಳ್ಳಗಿತ್ತು. ಮೂಗಿಗೆ ಹಿಡಿದೆ. ಅದೇ ಮೈದಾ ವಾಸನೆ. ಕಳ್ಳತನ ಕೈಗೆ ಸಿಕ್ಕಿತು ಅಂದುಕೊಂಡೆ.

ಸಂಯೋಜಕರಿಗೆ ಹೇಳಿದೆ. ಅವರು ಬೆಚ್ಚಿಬೀಳಲಿಲ್ಲ, ಅದು ಈಗ ನೆನಪಾಗುತ್ತದೆ. ಬಿಳಿ ಹಾಳೆ ನನ್ನತ್ತ ಸರಿಸಿ, "ನೋಡಿದ್ದಷ್ಟೇ ಬರೀರಿ ಮೇಡಂ. ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ" ಎಂದರು. ಬರೆದೆ. ಸತ್ಯಕ್ಕಾಗಿ ಬರೆದೆ ಎಂದು ಬಹಳ ವರ್ಷ ಹೇಳಿಕೊಂಡೆ. ಆದರೆ ಮುಂದಿನ ವರ್ಷಕ್ಕೆ ನನ್ನ ನೇಮಕ ಮುಂದುವರಿಸಬೇಕಾದವರು ಅವರೇ ಎಂಬುದು ಸಹಿ ಹಾಕುವಾಗ ನನ್ನ ತಲೆಯಲ್ಲಿತ್ತು.

ಮೂವರ ವಿಚಾರಣಾ ಸಮಿತಿ ಕೂತಿತು. ತಿದ್ದುಪಡಿ ಆದೇಶ ಮುಖ್ಯ ಕಚೇರಿಯಿಂದಲೇ ಬಂದದ್ದು, ಅದರಂತೆ ಚೀಟಿ ಅಂಟಿಸಿ, ಆದೇಶ ಇದ್ದ ಫೈಲನ್ನು ಸಂಯೋಜಕರ ಮೇಜಿಗೆ ಕಳಿಸಿದೆ ಎಂದರು ರೂಲ್ಸ್ ಸಾರ್. ಅಂಥ ಆದೇಶ ತಾನು ಕಂಡೇ ಇಲ್ಲ ಎಂದರು ಸಂಯೋಜಕರು. ಫೈಲಿನಲ್ಲಿ ಆದೇಶ ಇರಲಿಲ್ಲ. ಕಳಿಸಿದ ಕಾಗದಗಳನ್ನು ಬರೆದಿಡುವ ಮುಖ್ಯ ಕಚೇರಿಯ ರವಾನೆ ವಹಿ ತರಿಸಿ ನೋಡಿ ಎಂದು ರೂಲ್ಸ್ ಸಾರ್ ಎರಡು ಸಲ ಕೇಳಿಕೊಂಡರು. ತರಿಸಲಿಲ್ಲ. ಬದಲಿಗೆ, ಆ ಹೆಂಗಸು ನಿಮಗೇನಾಗಬೇಕು ಎಂದು ಕೇಳಿದರು. ಅವರು ಮೇಜನ್ನೇ ನೋಡುತ್ತಾ, "ನಮ್ಮೂರಾಕಿ" ಎಂದರು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಾಗಿಲ ಬಳಿಯ ಕುರ್ಚಿಯಲ್ಲೇ ಇದ್ದೆ.

ಎಂಟು ತಿಂಗಳು ಪಾಠ ಕೇಳಿದ್ದವಳ ಪ್ರವೇಶವನ್ನು ವಾರ್ಷಿಕ ಪರೀಕ್ಷೆಗೆ ಮುಂಚೆ ರದ್ದು ಮಾಡಿದರು. ಆ ಸೀಟು ಲಾಡ್ಜ್ ಮಾಲೀಕರ ಅಳಿಯನಿಗೆ ಹೋಯಿತು. ರೂಲ್ಸ್ ಸಾರಿಗೆ ದೂರದ ಟಪಾಲು ವಿಭಾಗಕ್ಕೆ ವರ್ಗ. ಹೋಗುವ ದಿನ ಬೀಗದ ಕೈ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ಎದುರಿಗೆ ಕೂತರು.

"ನೀವು ಬರದದ್ದು ಓದೀನಿ ತಂಗೆಮ್ಮಾ. ತಪ್ಪಿಲ್ಲ ಅದರಾಗ. ಚೀಟಿ ಹೊಸದಾ ಇತ್ತು, ಅಂಟಿಸಿದಾವ ನಾನಾ. ಯಾರು ಅಂಟಸು ಅಂದ್ರು ಅಂತ ನನಗೊಂದು ಮಾತು ಕೇಳಿದ್ರ ಮುಗೀತಿತ್ತು."

ನಾನು ಬೀಗದ ಕೈ ತೆಗೆದು ಡ್ರಾಯರಿಗೆ ಹಾಕಿದೆ. ಎಷ್ಟು ಜಾಣತನದಿಂದ ಮಾತಾಡುತ್ತಾನೆ ಮುದುಕ ಎಂದುಕೊಂಡೆ. ಆ ಗಳಿಗೆಯಲ್ಲೂ ಹಾಗೇ ಅನಿಸಿತು ನನಗೆ.

ಎರಡು ವರ್ಷ ನಡೆದು ಆ ಕೋರ್ಸು ನಿಂತಿತು. ನನಗೆ ಈ ಕಾಲೇಜಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಹೋದ ವರ್ಷ ಕೇಂದ್ರದ ಹಳೆಯ ಫೈಲುಗಳನ್ನು ಸ್ಕ್ಯಾನ್ ಮಾಡಿಸುವಾಗ ಗುರುತು ಹಿಡಿಯಲು ನನ್ನನ್ನು ಕರೆದರು. ಸಂಯೋಜಕರ ಪ್ರವಾಸ ಬಿಲ್ಲುಗಳ ಫೈಲಿನಲ್ಲಿ, ಎರಡು ಬಿಲ್ಲುಗಳ ನಡುವೆ, ನಾಲ್ಕಾಗಿ ಮಡಿಸಿದ ಹಾಳೆ ಸಿಕ್ಕಿತು. ನಾಲ್ಕನೇ ನಿಯಮದ ತಿದ್ದುಪಡಿ ಆದೇಶ. ಅವಳು ಅರ್ಜಿ ಹಾಕುವುದಕ್ಕಿಂತ ಮೂರು ವಾರ ಮೊದಲಿನ ತಾರೀಖು. ಮೂಲೆಯಲ್ಲಿ "ಚೀಟಿ ಅಂಟಿಸಿ" ಎಂಬ ಬರಹ, ಕೆಳಗೆ ಸಂಯೋಜಕರದೇ ಸಹಿ.

ಸಂಯೋಜಕರು ಈಗ ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಫೋನ್ ಮಾಡಿದೆ. ನಿಧಾನವಾಗಿ ಕೇಳಿಸಿಕೊಂಡು, "ಆ ಕಾಗದ ಈಗ ಯಾರ ಹತ್ರ ಐತ್ರಿ?" ಎಂದರು. ಬೇರೇನೂ ಕೇಳಲಿಲ್ಲ.

ರೂಲ್ಸ್ ಸಾರ್ ಕಂಪ್ಲಿಯಲ್ಲಿ ಇದ್ದಾರೋ ಇಲ್ಲವೋ ವಿಚಾರಿಸುವ ಧೈರ್ಯ ಬಾರದೆ ಒಂದು ವರ್ಷ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಪೋಸ್ಟರಿನ ಅಂಟು ಮೂಗಿಗೆ ಬಡಿದ ಮೇಲೆ ಇನ್ನು ಮುಂದೂಡಲಾಗಲಿಲ್ಲ. ಭಾನುವಾರ ಕಂಪ್ಲಿ ಬಸ್ ಹತ್ತಿದೆ.

ಅವರು ತೀರಿಕೊಂಡು ಆರು ವರ್ಷವಾಗಿತ್ತು. ಮನೆಗೆ ಬೀಗ, ಹೆಂಡತಿ ಮಗಳ ಊರಲ್ಲಿ. ಪಕ್ಕದ ಮನೆಯವರೇ ಗಾರೆ ಕೆಲಸದವಳ ಸುಳಿವು ಕೊಟ್ಟರು. ಹೊಳೆ ಕಡೆಯ ಒಂದು ಗುಡಿಯ ಗೋಪುರಕ್ಕೆ ಸಾರುವೆ ಕಟ್ಟಿತ್ತು. ಅವಳು ಮೇಲಿನಿಂದ ಇಳಿದು ಬಂದಳು. ಕೂದಲು ಅರ್ಧ ಬೆಳ್ಳಗಾಗಿದೆ. ಸುಣ್ಣವೋ ನರೆಯೋ ಮೊದಲಿಗೆ ತಿಳಿಯಲಿಲ್ಲ. ನನ್ನ ಗುರುತು ಹಿಡಿದಳು. ಹಾಳೆ ಕೊಟ್ಟೆ. ಕೈ ಒರೆಸಿಕೊಂಡು ಎರಡು ಸಲ ಓದಿದಳು.

"ಈಗ್ಯಾಕ ತಂದೀರಿ ಇದನ್ನ?"

"ನಿಮಗೆ ಗೊತ್ತಾಗಬೇಕಿತ್ತು."

"ನನಗ ಗೊತ್ತಿತ್ತಲ್ಲ. ಅವರು ಸುಳ್ಳು ಹೇಳಂಗಿಲ್ಲ ಅಂತ ಊರಿಗೇ ಗೊತ್ತಿತ್ತು." ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನರ ಸಹಿ ಬೇಕಾಗಿತ್ತೇನ್ರಿ ನನ್ನ ಕಡಿಂದ?"

ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ನಾನು ಬರೆದುಕೊಟ್ಟ ಮೇಲೆ ರೂಲ್ಸ್ ಸಾರೂ ಇವಳೂ ಬೇರೆ ಬೇರೆ ಬಸ್ಸಿಗೆ ಬರತೊಡಗಿದ್ದರಂತೆ. ಬಸ್ ಸ್ಟ್ಯಾಂಡಿನಲ್ಲಿ ಎದುರಾದರೂ ಅವರು ಮುಖ ತಿರುಗಿಸುತ್ತಿದ್ದರಂತೆ, ಇವಳ ಹೆಸರು ಕೆಡಬಾರದೆಂದು. "ಸತ್ತಾಗ ಮಣ್ಣಿಗೂ ಹೋಗಲಿಲ್ರಿ ನಾನು. ಹೋದ್ರ ಮತ್ತ ಏನಂತಾರೋ ಅಂತ" ಎಂದಳು.

ಹೊರಡುವಾಗ ಒಂದೇ ಒಂದು ಕೇಳಿದಳು. ಕೋರ್ಸಿಗೆಂದು ಆಗ ಈ ಗೋಪುರದ ಗಾರೆ ಕೆಲಸದ ಅಳತೆ ನಕ್ಷೆ ಆರು ಹಾಳೆ ಬರೆದು ಕೇಂದ್ರಕ್ಕೆ ಕೊಟ್ಟಿದ್ದಳಂತೆ, ಅವು ಇವೆಯೇ? ಆ ಗೊಂಬೆಗಳೆಲ್ಲ ಆಮೇಲೆ ಸಿಮೆಂಟು ಬಳಿದು ಹಾಳಾಗಿವೆ, ಮೊದಲು ಹೇಗಿದ್ದವು ಎಂಬುದು ಆ ಹಾಳೆಗಳಲ್ಲಿ ಮಾತ್ರ ಉಳಿದದ್ದು.

ಸೋಮವಾರವೇ ಕೇಂದ್ರಕ್ಕೆ ಹೋಗಿ ಹುಡುಕಿಸಿದೆ. ಪರೀಕ್ಷೆಗೆ ಕೂರದವರ ನಕ್ಷೆಗಳನ್ನು ಒಂದು ವರ್ಷದ ನಂತರ ಇಡತಕ್ಕದ್ದಲ್ಲ ಎಂದು ಹನ್ನೊಂದನೇ ನಿಯಮ ಹೇಳುತ್ತದಂತೆ. ರದ್ದಿಗೆ ಹೋಗಿವೆ. ಅವಳ ಫೋನ್ ನಂಬರ್ ನನ್ನ ಬಳಿ ಇದೆ, ಇನ್ನೂ ಹೇಳಿಲ್ಲ. ರೂಲ್ಸ್ ಸಾರಿಗೆ ಹೇಳಬೇಕಾದದ್ದನ್ನು ಹೇಳಲು ಅವರಿಲ್ಲ. ಇವಳಿಗೆ ಹೇಳಿದರೆ, ನಾನು ಹುಡುಕದೆಯೇ ಇಲ್ಲ ಅನ್ನುತ್ತಿದ್ದೇನೆ ಎಂದುಕೊಳ್ಳುತ್ತಾಳೆ. ಅವಳಿಗೆ ಹಾಗೆ ಅಂದುಕೊಳ್ಳಲು ಹಕ್ಕುಂಟು... ನಾಳೆ ಫೋನ್ ಮಾಡಬೇಕು.