ಲೇಸರ್‌ಗೆ ಒಪ್ಪದ ಬಣ್ಣ

ಗೆಳೆಯರೇ, ದೊಮ್ಮಲೂರಿನ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ರಾಯಚೂರಿನ ಹುಡುಗಿ ಶರಣಮ್ಮನ ಗದ್ದ ಇವತ್ತು ಸುಟ್ಟಿದೆ. ಭಾನುವಾರ ಗಂಡಿನವರು ಬರುತ್ತಾರೆಂದು, ಮುಖದ ಕೂದಲು ತೆಗೆಯಲು ಮನೆಯಲ್ಲೇ ಬಳಸುವ ಲೇಸರ್ ಯಂತ್ರ ಕೊಂಡಿದ್ದಳು. ಅದನ್ನು ಹಿಂದಿರುಗಿಸಲು ಅವಳೊಡನೆ ಇಂದಿರಾನಗರದ ಅಂಗಡಿಗೆ ಹೋದೆ.

ಮಾರಿದವನು ಡಬ್ಬಿಯ ಮೇಲಿನ ಬಣ್ಣದ ಪಟ್ಟಿಯನ್ನು ಅವಳ ಕೆನ್ನೆಯ ಪಕ್ಕ ಹಿಡಿದ. "ನೋಡಿ ಮೇಡಂ, ಇವ್ರ ಕಲರ್‌ಗೆ ಸೇಫ್ ಅಲ್ಲ ಅಂತ ಬರ್ದಿದೆ."

"ಮಾರೋವಾಗ ಇವಳ ಮುಖ ಕಾಣ್ಸಿಲ್ವೇನ್ರೀ?"

"ಈ ಫೇರ್‌ನೆಸ್ ಕ್ರೀಮ್ ಹಚ್ಲಿ ಮೇಡಂ. ಬೆಳ್ಳಗಾದ್ಮೇಲೆ ಲೇಸರ್ ಮಾಡ್ಕೊಳ್ಲಿ."

ಶರಣಮ್ಮ ಮೆಲ್ಲಗೆ ಕೇಳಿದಳು: "ಎಷ್ಟ್ ದಿನಾ ಹಚ್ಚಬೇಕ್ರೀ ಅಣ್ಣಾ?"

ಈಗ ಕ್ರೀಮಿನೊಂದಿಗೆ ಯಂತ್ರವೂ ಮಹಡಿಗೆ ಮರಳಿ, ಅವಳು ಬೆಳ್ಳಗಾಗಲೆಂದು ಕಾಯುತ್ತಿದೆ.