ಪುಸ್ತಕದಲ್ಲಿ ಆರು ಜನ

ನನ್ನ ನಾದಿನಿ ಒಮ್ಮೆ, ತೀರಿಹೋದ ಅವಳ ಅತ್ತೆಯನ್ನು ಬಚ್ಚಲಲ್ಲಿ ಕಂಡೆ ಎಂದು ಜ್ವರ ಬರಿಸಿಕೊಂಡು ಮಲಗಿದ್ದಳು. ನಾನು ಪಕ್ಕದಲ್ಲಿ ಕೂತು, "ಹಾಗಾದರೆ ಆ ಚಿನ್ನದ ಸರ ಯಾರಿಗೆ ಕೊಟ್ಟದ್ದು ಅಂತ ಕೇಳಿದೆಯಾ?" ಅಂದಿದ್ದೆ. ಇಂಥ ವಿಷಯಗಳಲ್ಲಿ ನನ್ನ ನಂಬಿಕೆ ಅಷ್ಟೇ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ, ನೀವು ಧಾರಾಳವಾಗಿ ನಗಬಹುದು. ಮೊಮ್ಮಗಳು ಕಲಿಸಿಕೊಟ್ಟ ಮೇಲೆ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಬರೆಯುತ್ತಿದ್ದೇನೆ. ಸುಳ್ಳು ಸೇರಿಸುವಷ್ಟು ತ್ರಾಣ ಆ ಬೆರಳಿಗಿಲ್ಲ.

ಕೆಲವು ವರ್ಷಗಳ ಹಿಂದೆ ಗಲ್ಫಿನ ಅಲ್ ಖಫ್ಜಿಯಲ್ಲಿರುವ ಮಗಳ ಮನೆಗೆ ಬಂದಿದ್ದೆ. ಅಳಿಯ ಉಮೇಶನಿಗೆ ತೈಲ ಕಂಪನಿಯಲ್ಲಿ ಕೆಲಸ. ಶುಕ್ರವಾರ ರಜೆ ಸಿಕ್ಕಿದರೆ ಅವನು ಸಮುದ್ರದ ದಡದಲ್ಲಿ. ನೀರಿಗಿಳಿದವರ ಜೀವ ಕಾಯುವ ಸ್ವಯಂಸೇವಕರ ಗುಂಪು ಅವನದು. ದೋಣಿಯವರ ಲೈಫ್ ಜಾಕೆಟ್, ವೈರ್‌ಲೆಸ್ ಸರಿಯುಂಟಾ ಎಂದು ನೋಡುವುದು, ಹುಡುಕಾಟದ ಅಭ್ಯಾಸ ಮಾಡುವುದು, ಕೋಸ್ಟ್ ಗಾರ್ಡ್ ಕರೆದಾಗ ಓಡುವುದು. ಗುಂಪಿನ ಮುಖ್ಯಸ್ಥರು ಭಟ್ಕಳದ ಇಕ್ಬಾಲ್ ಸಾಹೇಬರು, ದೋಣಿಯ ಬಿಡಿಭಾಗಗಳ ವ್ಯಾಪಾರಿ.

ಆ ಶುಕ್ರವಾರ ಅವರ ಪುಸ್ತಕ ಬರೆಯುವವನಿಗೆ ಜ್ವರ. ಹೋಗುವಾಗ ತಲೆ ಎಣಿಸಿ ಬರೆಯಬೇಕು, ಬಂದಾಗ ಮತ್ತೆ ಎಣಿಸಿ ಸಹಿ ಹಾಕಬೇಕು, ಇಷ್ಟೇ ಕೆಲಸ. ಉಮೇಶ ನನ್ನನ್ನು ಕೂರಿಸಿದ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳ ತಲೆ ಎಣಿಸಿದವಳು ನಾನು. ಲೆಕ್ಕ ಕೂಡದಿದ್ದರೆ ಪುಸ್ತಕ ಮುಚ್ಚುವಂತಿಲ್ಲ, ಹುಡುಕಲು ಹೋಗಲೇಬೇಕು ಎಂಬ ನಿಯಮವನ್ನು ಇಕ್ಬಾಲರು ಎರಡೆರಡು ಸಲ ಹೇಳಿಕೊಟ್ಟರು.

ಹತ್ತು ಗಂಟೆಗೆ ದೋಣಿ ಹೊರಟಿತು. ಉಮೇಶ, ಇಕ್ಬಾಲರೂ ಸೇರಿ ಕಿತ್ತಳೆ ಜಾಕೆಟ್ ತೊಟ್ಟ ಐವರು. ಹಿಂಬದಿಯಲ್ಲಿ, ನನಗೆ ಬೆನ್ನು ಹಾಕಿ, ತಲೆಗೆ ಹಸಿರು ಬೈರಾಸು, ಅಂದರೆ ಟವೆಲ್, ಸುತ್ತಿಕೊಂಡು ಇನ್ನೊಬ್ಬ ಕೂತಿದ್ದ. ಅವನಿಗೆ ಜಾಕೆಟ್ ಇರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವರ ದೋಣಿಯ ಅವಸ್ಥೆ ನೋಡಿ ಎಂದುಕೊಂಡು ಬರೆದೆ: 'ಆರು ಜನ. ಹಸಿರು ಬೈರಾಸಿನವನಿಗೆ ಜಾಕೆಟ್ ಇಲ್ಲ.'

ಹನ್ನೆರಡಕ್ಕೆ ಮರಳಿ ಬಂದವರು ಐದೇ ಜನ.

ಹೋದದ್ದೇ ಐದು ಜನ ಎಂದು ಉಮೇಶ ಹೇಳಿದ. ನಾನು ಪುಸ್ತಕ ತೋರಿಸಿದೆ. ಅವನ ಮುಖ ಕೆಂಪಾಯಿತು.

"ಎಂತ ಅತ್ತೆ ನೀವು, ಬಿರಿಯಾನಿ ತಣಿಯುತ್ತದೆ. ಒಂದು ಸಹಿ ಹಾಕಿ ಮಾರಾಯ್ರೆ."

"ಮಗುವನ್ನು ಬಿಟ್ಟು ಬಾಗಿಲು ಹಾಕಿ ನನಗೆ ಅಭ್ಯಾಸ ಇಲ್ಲ," ಅಂದೆ.

ಇಕ್ಬಾಲರು ಹೊಟ್ಟೆ ಹಿಡಿದು ನಕ್ಕರು. ಆದರೆ ನಿಯಮ ಅವರದೇ. ಇದೂ ಒಂದು ಅಭ್ಯಾಸ ಆಗಲಿ ಎಂದು ವೈರ್‌ಲೆಸ್ಸಿನಲ್ಲಿ ಅನುಮತಿ ಕೇಳಿ ಮತ್ತೆ ದೋಣಿ ಹತ್ತಿದರು. "ಅಮ್ಮ, ಎಲ್ಲಿ ಬಿದ್ದ ನಿಮ್ಮ ಆರನೆಯವ?" ಎಂದು ಕೇಳಿದ್ದು ತಮಾಷೆಗೇ. ಸಿಟ್ಟಿನಲ್ಲಿ ಕೈ ಹೋದ ಕಡೆಗೆ ತೋರಿಸಿದೆ. ಬೆಳಿಗ್ಗೆ ಅವರು ದಡದ ಗುಂಟ ದಕ್ಷಿಣಕ್ಕೆ ಹೋಗಿದ್ದವರು. ನನ್ನ ಕೈ ತೋರಿಸಿದ್ದು ನೇರ ನಡುಸಮುದ್ರಕ್ಕೆ.

ದೋಣಿ ಚುಕ್ಕೆಯಾದ ಮೇಲೆ ನನಗೂ ಹೆದರಿಕೆ ಶುರುವಾಯಿತು. ಹಸಿದವರನ್ನು ಸುಮ್ಮನೆ ಓಡಿಸಿದೆನಲ್ಲ, ಇನ್ನು ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಉಂಟಾ? ತಪ್ಪಾಯಿತು ಎನ್ನಲು ಒಳ್ಳೆಯ ಒಂದು ವಾಕ್ಯವನ್ನೂ ತಯಾರು ಮಾಡಿಕೊಂಡೆ.

ಮುಕ್ಕಾಲು ಗಂಟೆಯಾಗಿರಬೇಕು. ದೋಣಿ ಕಂಡಿತು. ಎಣಿಸಿದೆ. ಮತ್ತೆ ಎಣಿಸಿದೆ. ಆರು.

ಆರನೆಯವನು ಸೆಲ್ವ ಎಂಬ ತಮಿಳು ಮೀನುಗಾರ. ಬೆಳಕು ಹರಿಯುವ ಮೊದಲು ಬೇರೆ ಯಾವುದೋ ಜೆಟ್ಟಿಯಿಂದ ಒಬ್ಬನೇ ಹೊರಟು, ದೋಣಿ ಮಗುಚಿ, ಮೀನಿನ ಥರ್ಮಾಕೋಲ್ ಪೆಟ್ಟಿಗೆಯನ್ನು ತಬ್ಬಿಕೊಂಡು ತೇಲುತ್ತಿದ್ದನಂತೆ. ಅವನು ಕಾಣೆಯಾದದ್ದು ದಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನರ್ಧ ಗಂಟೆ ಕೈ ತಡೆಯುತ್ತಿರಲಿಲ್ಲವಂತೆ. ತುಟಿ ಬಿಳಿಚಿ ನಡುಗುತ್ತಿದ್ದ. ತಲೆಯಲ್ಲಿ ಹಸಿರು ಬೈರಾಸು ಒದ್ದೆಯಾಗಿ ಅಂಟಿಕೊಂಡಿತ್ತು.

ತಯಾರು ಮಾಡಿದ ವಾಕ್ಯ ಎಲ್ಲಿ ಹೋಯಿತೋ. "ಜಾಕೆಟ್ ಎಲ್ಲಿ ನಿಂದು?" ಎಂದು ಅವನನ್ನೇ ಗದರಿದೆ. ಅವನು ಎರಡೂ ಕೈ ಜೋಡಿಸಿ ಅತ್ತ. ನಾನೂ ಅತ್ತೆ.

ಇಕ್ಬಾಲರು ಪುಸ್ತಕ ತೆಗೆದು ಉಮೇಶನಿಂದ ಆ ಸಾಲನ್ನು ಮೂರು ಸಲ ಓದಿಸಿದರು. ಆಮೇಲೆ ಅವರು ನಗಲಿಲ್ಲ. ಆ ದಿನ ಉಮೇಶ ತನ್ನ ಪಾಲಿನ ಬಿರಿಯಾನಿಯನ್ನು ತಾನಾಗಿಯೇ ಸೆಲ್ವನ ತಟ್ಟೆಗೆ ಹಾಕಿದ್ದು ನನ್ನ ಮಟ್ಟಿಗೆ ಇನ್ನೊಂದು ಪವಾಡ.

ಮುಂದಿನ ವಾರ ಮಗಳು ಕಣ್ಣಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದು ಎರಡಾಗಿ ಕಾಣಬಹುದು ಎಂದರು. ಉಮೇಶನಿಗೆ ಜೀವ ಬಂದ ಹಾಗಾಯಿತು, ಗುಟ್ಟು ರಟ್ಟಾಯಿತು ಎಂದ. ಹಾಗಾದರೆ ಹತ್ತು ಜನ ಕಾಣಬೇಕಿತ್ತಲ್ಲ, ಒಬ್ಬನೇ ಯಾಕೆ ಹೆಚ್ಚಾದ, ಬೈರಾಸು ಯಾರು ಕಟ್ಟಿದ್ದು ಎಂದು ಕೇಳಿದೆ. ಅವನು ಕಾರಿನ ಕೀ ಹುಡುಕತೊಡಗಿದ.

ಬಲಗಣ್ಣಿನ ಆಪರೇಷನ್ ಆಯಿತು, ಈಗ ಅದಕ್ಕೆ ಇದ್ದಷ್ಟೇ ಕಾಣುತ್ತದೆ. ಎಡಗಣ್ಣಿಗೂ ಮಾಡಿಸುವ ಎಂದು ಮಗಳು ಪ್ರತಿ ವರ್ಷ ಗಲಾಟೆ ಮಾಡುತ್ತಾಳೆ. ನಾನು ಸಕ್ಕರೆ ಕಾಯಿಲೆಯ ನೆಪ ಹೇಳಿ ಮುಂದೂಡುತ್ತೇನೆ. ಇಲ್ಲಿಗೆ ಬಂದಾಗಲೆಲ್ಲ ಶುಕ್ರವಾರ ಆ ಪುಸ್ತಕ ನನ್ನ ಕೈಯಲ್ಲೇ. ದೋಣಿ ಹೊರಟಾಗ ಮೊದಲು ಬಲಗಣ್ಣಿನಿಂದ ಎಣಿಸಿ ಬರೆಯುತ್ತೇನೆ. ಮತ್ತೆ ಯಾರಿಗೂ ತಿಳಿಯದ ಹಾಗೆ ಆ ಕಣ್ಣನ್ನು ಮುಚ್ಚಿ, ಎಡಗಣ್ಣಿನಿಂದ ಇನ್ನೊಮ್ಮೆ ಎಣಿಸುತ್ತೇನೆ.