ಸಿಗಡಿ ಹೋದ ಮೇಲಿನ ಸಪ್ಪಳ

ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ದೆವ್ವದ ಕತೆ ಹೇಳಲು ಬಂದವರನ್ನು ಅಡ್ಡಪ್ರಶ್ನೆ ಹಾಕಿ ಬಾಯಿ ಮುಚ್ಚಿಸಿದ್ದೇನೆ. ಅಂಥವಳೇ ಇದನ್ನು ಬರೆಯಲು ಕೂತಿದ್ದೇನೆಂದು ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಕೆಲವು ವರ್ಷಗಳ ಹಿಂದೆ ನಮ್ಮ ಯಜಮಾನರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಹೋದವು. ಎಡಗೈಗೆ ಒಂದು ಸ್ಟೀಲ್ ಚಮಚ ಕೊಟ್ಟೆ. ಕಬ್ಬಿಣದ ಮಂಚಕ್ಕೆ ಎರಡು ಸಲ ಬಡಿದರೆ ನೀರು ಬೇಕು, ಮೂರು ಸಲ ಬಡಿದರೆ ಕೂಡಲೇ ಬಾ ಎಂದು ಗೊತ್ತು ಮಾಡಿಕೊಂಡೆವು. ಎಲ್ಲಿದ್ದರೂ ಆ ಸಪ್ಪಳಕ್ಕೆ ನಾನು ಓಡುತ್ತಿದ್ದೆ.

ಅವರು ಹರೆಯದಲ್ಲಿ ಕಾರವಾರದಲ್ಲಿ ನೌಕರಿ ಮಾಡಿದವರು. ಸಮುದ್ರವೆಂದರೆ ಜೀವ. ಮಲಗಿದಲ್ಲೇ ನೋಡಲೆಂದು ಲಾರಿ ಓಡಿಸುವ ನನ್ನ ತಮ್ಮ ಬಸು ಮಂಚದ ಪಕ್ಕ ಒಂದು ಗಾಜಿನ ತೊಟ್ಟಿ ಇಟ್ಟ. ಕ್ಯಾನುಗಳಲ್ಲಿ ಸಮುದ್ರದ ನೀರು, ಅಲ್ಲಿಯದೇ ತೂತು ತೂತಾದ ಕಲ್ಲುಗಳು, ಎರಡು ಕಿತ್ತಳೆ ಬಣ್ಣದ ಮೀನು ತಂದು ಹಾಕಿದ.

"ಮೀನ ತಿನ್ನದವರ ಮನ್ಯಾಗ ಮೀನಿನ ಬಾಣಂತನ ನಡದೈತಲ್ರಿ ಟೀಚರ!" ಎಂದು ಪಕ್ಕದ ಮನೆಯವರು ನಕ್ಕರು.

ಎಂಟು ದಿನದಲ್ಲಿ ಆ ಕಲ್ಲುಗಳೊಳಗಿಂದ ಕರೆಯದ ನೆಂಟರು ಒಬ್ಬೊಬ್ಬರೇ ಹೊರಬಂದರು. ಮೈತುಂಬ ಬಿರುಗೂದಲಿನ ಹುಳ, ಉಗುರಿನಷ್ಟು ಏಡಿ, ದಾರದಂಥ ಕೈಗಳ ನಕ್ಷತ್ರಮೀನು. ಫೋನಿನಲ್ಲಿ ಚಿತ್ರಗಳನ್ನು ಹುಡುಕಿ, ಯಾವುದು ಏನೆಂದು ಅವರಿಗೆ ಓದಿ ಹೇಳುತ್ತಿದ್ದೆ. ಅವರು ಅರ್ಧ ಬಾಯಲ್ಲಿ ನಗುತ್ತಿದ್ದರು. ಲಕ್ವಾ ಹೊಡೆದ ಮೇಲೆ ನಾವಿಬ್ಬರೂ ಖುಷಿಯಾಗಿದ್ದದ್ದು ಆ ದಿನಗಳಲ್ಲೇ.

ಆಮೇಲೆ ಸಪ್ಪಳ ಶುರುವಾಯಿತು. ಟಕ್, ಟಕ್. ಒಲೆ ಆರಿಸಿ ಓಡಿ ಬಂದರೆ ಅವರು ನಿದ್ದೆಯಲ್ಲಿರುತ್ತಿದ್ದರು. "ಕರದ್ರೇನ್ರಿ?" ಎಂದು ಎಬ್ಬಿಸಿದರೆ ಇಲ್ಲವೆಂದು ತಲೆಯಾಡಿಸುತ್ತಿದ್ದರು. ದಿನಕ್ಕೆ ಹತ್ತು ಸಲ ಹೀಗೆ. ಸುಳ್ಳೇ ಸತಾಯಿಸುತ್ತಾರೆಂದು ಒಮ್ಮೆ ರೇಗಿಯೂ ಬಿಟ್ಟೆ.

ಬಸು ಮೀನಿನ ಅಂಗಡಿಯವನಿಗೆ ವಿಡಿಯೋ ಕಳಿಸಿ ಪತ್ತೆ ಹಚ್ಚಿದ. "ಅಕ್ಕಾ, ಅದು ಸಿಗಡಿ. ಕಲ್ಲಿನ ತೂತಿನಾಗ ಕುಂತು ಕೊಂಡಿಲೆ ಚಿಟಿಕಿ ಹೊಡಿತೈತಿ. ಮಾವನ ಚಮಚಾ ಅಲ್ಲ." ಅಂದಿನಿಂದ ಸಪ್ಪಳವಾದರೆ "ಸಿಗಡಿ" ಅಂದುಕೊಂಡು ನನ್ನ ಕೆಲಸ ನಾನು ಮಾಡತೊಡಗಿದೆ. ಅವರೇ ನಿಜವಾಗಿ ಬಡಿದಾಗಲೂ ಎರಡು ಸಲ ತಡವಾಗಿ ಹೋದೆ. ಇದು ಸರಿಯಲ್ಲ ಎನಿಸಿ, ಸಿಗಡಿಯನ್ನೇ ತೆಗೆದುಬಿಡು ಎಂದು ಬಸುಗೆ ಹೇಳಿದೆ.

ಒಂದು ಭಾನುವಾರ ಬೆಳಿಗ್ಗೆ ಅವನು ಬಂದು, ಕಲ್ಲು ಮೇಲೆತ್ತಿ, ತೂತಿಗೆ ನೀರು ಬಿಟ್ಟು ಅದನ್ನು ಹೊರಗೆ ಹಾಕಿದ. ಬೆರಳುದ್ದದ ಜೀವ. ಬಾಟಲಿಯಲ್ಲಿ ಹಾಕಿ ಯಜಮಾನರಿಗೆ ತೋರಿಸಿ, ಸಮುದ್ರಕ್ಕೇ ಬಿಡುತ್ತೇನೆಂದು ತೆಗೆದುಕೊಂಡು ಹೋದ. ಹನ್ನೆರಡೂವರೆಗೆ ನಾನು ಅವರಿಗೆ ಗಂಜಿ ಕುಡಿಸಿದೆ. ಅವರಿಗೆ ನಿದ್ದೆ ಹತ್ತಿದ ಮೇಲೆ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಬಂದೆ.

ಮೂರು ಗಂಟೆಗೆ ಅಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಾಗ ಸಪ್ಪಳ ಕೇಳಿತು. ಮೂರು ಸಲ. ರೂಢಿಯಂತೆ "ಸಿಗಡಿ" ಅಂದುಕೊಂಡು ಕೂತೇ ಇದ್ದೆ. ಮತ್ತೆ ಮೂರು ಸಲ. ಸ್ವಲ್ಪ ಹೊತ್ತಿಗೆ ಮತ್ತೆ ಮೂರು ಸಲ. ಆಗ, ಸಿಗಡಿ ಬೆಳಿಗ್ಗೆಯೇ ಹೋಯಿತಲ್ಲ ಎಂದು ಹೊಳೆದು, ಮೊರ ಬಿಸಾಕಿ ಓಡಿದೆ.

ಅವರ ಮೈ ತಣ್ಣಗಾಗಿತ್ತು. ಹತ್ತೇ ನಿಮಿಷದಲ್ಲಿ ಡಾಕ್ಟರು ಬಂದು ನೋಡಿ, "ಜೀವ ಹೋಗಿ ಎರಡು ತಾಸಾಗಿರಬೇಕ್ರಿ" ಎಂದರು.

ದಿನಕರ್ಮ ಮುಗಿದ ಮೇಲೆ ಬಸು, "ಇನ್ನೊಂದು ಸಿಗಡಿ ಇದ್ದಿರಬೇಕಕ್ಕಾ, ನೋಡೂಣು" ಎಂದ. ಇಬ್ಬರೂ ತೊಟ್ಟಿಯ ನೀರನ್ನು ಸೋಸಿ, ಕಲ್ಲುಗಳನ್ನು ಹಿತ್ತಲಲ್ಲಿ ಒಂದೊಂದಾಗಿ ಒಡೆದು ನೋಡಿದೆವು. ಹುಳಗಳಿದ್ದವು, ಏಡಿಯಿತ್ತು. ಸಿಗಡಿ ಇರಲಿಲ್ಲ.

ಈ ಸಪ್ಪಳದ ಮಾತನ್ನು ಬಹಳ ಜನಕ್ಕೆ ಹೇಳಿದ್ದೇನೆ. ನಿನಗೆ ಕೇಳಿದಂತಾಗಿರಬೇಕು ಎನ್ನುತ್ತಾರೆ. ಇರಬಹುದು, ನನಗೆ ಗೊತ್ತಿಲ್ಲ. ಆದರೆ ಒಂದನ್ನು ಮಾತ್ರ ಇಲ್ಲಿಯವರೆಗೆ ಬಸುಗೂ ಹೇಳಿಲ್ಲ. ಗಂಜಿ ಕುಡಿಸಿದ್ದು ಅವರು ಮಂಚಕ್ಕೆ ಬಡಿಯುವ ಅದೇ ಚಮಚದಿಂದ. ತೊಳೆಯಲು ಒಯ್ದವಳು ತಿರುಗಿ ಅವರ ಕೈಗೆ ಕೊಡಲು ಮರೆತಿದ್ದೆ. ಸಪ್ಪಳ ಕೇಳಿದಾಗ ಅದು ನನ್ನೆದುರಿಗೇ, ತೊಳೆದ ಪಾತ್ರೆಗಳ ಬುಟ್ಟಿಯಲ್ಲಿತ್ತು.